ಏರ್ ವಿಂಗ್ ಸೇರಿದರೆ ವಿಮಾನ ಹತ್ತಿಸ್ತಾರಾ?

ಪ್ರತಿ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಯಾರಾದರೂ ಒಬ್ಬರು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ ಈ ಪ್ರಶ್ನೆ ಕೇಳುತ್ತಾರೆ. ಈ ಸಲ ಕೇಳಿದ್ದು ಎದುರು ಮನೆಯ ಹುಡುಗಿ. ಮೊದಲ ಪಿಯುಸಿಗೆ ಸೇರಿದ್ದಾಳೆ. ಅವಳ ಕಾಲೇಜಿನಲ್ಲಿ ಎನ್‌ಸಿಸಿಯ ವಾಯುಪಡೆ ವಿಭಾಗ, ಅಂದರೆ ಏರ್ ವಿಂಗ್ ಇದೆ. "ಅಂಕಲ್, ಸೇರಿದ್ರೆ ನಿಜವಾಗ್ಲೂ ವಿಮಾನ ಹತ್ತಿಸ್ತಾರಾ?" ಅವಳ ಹಿಂದೆಯೇ ಬಂದ ಅಮ್ಮನ ಪ್ರಶ್ನೆ ಬೇರೆ. "ಓದಿಗೆ ತೊಂದರೆ ಆಗಲ್ವಾ? ಕೊನೆಗೆ ಇದರಿಂದ ಏನು ಸಿಗುತ್ತೆ?"

ಹುಡುಗಿಗೆ ನನ್ನ ಉತ್ತರ ಚಿಕ್ಕದು. ಹತ್ತಿಸುತ್ತಾರೆ. ಆದರೆ ನೀನು ಆಕಾಶದಲ್ಲಿ ಕಳೆಯುವ ಹೊತ್ತನ್ನು ನಿಮಿಷಗಳಲ್ಲಿ ಎಣಿಸಬಹುದು. ಮೈದಾನದಲ್ಲಿ, ತರಗತಿಯಲ್ಲಿ, ಕ್ಯಾಂಪಿನಲ್ಲಿ ಕಳೆಯುವುದು ನೂರಾರು ಗಂಟೆ. ಇದನ್ನು ಕೇಳಿದ ತಕ್ಷಣ ಮಕ್ಕಳ ಮುಖ ಬಾಡುತ್ತದೆ. ನಾನೂ ಎನ್‌ಸಿಸಿ ಕೆಡೆಟ್ ಆಗಿದ್ದವನು, ನನ್ನ ಮುಖವೂ ಬಾಡಿತ್ತು. ಆ ನೂರಾರು ಗಂಟೆ ಆ ಕೆಲವೇ ನಿಮಿಷಗಳಿಗೆ ಹೇಗೆ ಕೆಲಸಕ್ಕೆ ಬರುತ್ತದೆ ಅಂತ ನನಗೆ ಆಗ ಯಾರೂ ಬಿಡಿಸಿ ಹೇಳಿರಲಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಎನ್‌ಸಿಸಿ ಅಂದರೆ ಏನು

ಎನ್‌ಸಿಸಿ ಅಂದರೆ ನ್ಯಾಷನಲ್ ಕೆಡೆಟ್ ಕೋರ್, ವಿದ್ಯಾರ್ಥಿಗಳಿಗೆ ಸೈನ್ಯದ ಮಾದರಿಯಲ್ಲಿ ತರಬೇತಿ ಕೊಡುವ ಸಂಘಟನೆ. ಸ್ವಾತಂತ್ರ್ಯ ಬರುವ ಹೊತ್ತಿಗೆ ಹೃದಯನಾಥ ಕುಂಜ್ರು ಅವರ ಸಮಿತಿ ಶಾಲಾ ಕಾಲೇಜುಗಳಲ್ಲಿ ಇಂಥದೊಂದು ಸಂಘಟನೆ ಬೇಕು ಎಂದು ಹೇಳಿತು. 1948ರಲ್ಲಿ ಅದಕ್ಕಾಗಿ ಕಾಯ್ದೆ ಬಂತು, ಎನ್‌ಸಿಸಿ ಹುಟ್ಟಿತು. ಮೊದಲು ಇದ್ದದ್ದು ಆರ್ಮಿ ವಿಂಗ್ ಮಾತ್ರ. ಮರುವರ್ಷ ಹುಡುಗಿಯರ ವಿಭಾಗ ಬಂತು. 1950ರ ಏಪ್ರಿಲ್ 1ರಂದು ಬಾಂಬೆಯಲ್ಲಿ ಒಂದು, ಕಲ್ಕತ್ತಾದಲ್ಲಿ ಒಂದು ಸ್ಕ್ವಾಡ್ರನ್‌ನೊಂದಿಗೆ ಏರ್ ವಿಂಗ್ ಶುರುವಾಯಿತು. ನೇವಲ್ ವಿಂಗ್ ಬಂದದ್ದು 1952ರಲ್ಲಿ. ಎನ್‌ಸಿಸಿ ಧ್ವಜದ ಕೆಂಪು, ಕಡು ನೀಲಿ, ತಿಳಿ ನೀಲಿ ಪಟ್ಟಿಗಳು ಈ ಮೂರು ವಿಭಾಗಗಳ ಗುರುತು. ನಮ್ಮದು ತಿಳಿ ನೀಲಿ.

ಬ್ರಿಟನ್ನಿನಲ್ಲೂ ಕೆನಡಾದಲ್ಲೂ ಏರ್ ಕೆಡೆಟ್ ಸಂಸ್ಥೆಗಳಿವೆ. ಅಲ್ಲಿರುವ ಕನ್ನಡದ ಮನೆಗಳ ಮಕ್ಕಳೂ ಅವುಗಳಿಗೆ ಸೇರಬಹುದು. ಅವೆರಡೂ 1941ರಲ್ಲಿ, ಮಹಾಯುದ್ಧದ ನಡುವೆ ಹುಟ್ಟಿದವು. ವಾಯುಪಡೆಗೆ ಬೇಗ ಬೇಗ ಹುಡುಗರನ್ನು ತಯಾರು ಮಾಡುವುದು ಆಗಿನ ಅಗತ್ಯವಾಗಿತ್ತು. ನಮ್ಮ ಏರ್ ವಿಂಗ್ ಶುರುವಾದದ್ದು ಯುದ್ಧ ಮುಗಿದು, ದೇಶ ಸ್ವತಂತ್ರವಾದ ಮೇಲೆ. 1962ರ ಚೀನಾ ಯುದ್ಧದ ನಂತರ ಕೆಲವು ವರ್ಷ ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಗಿತ್ತು. 1968ರಿಂದ ಮತ್ತೆ ಇಷ್ಟ ಇದ್ದವರಿಗೆ ಮಾತ್ರ.

ಒಂದು ವಿಷಯ ಅಪ್ಪ ಅಮ್ಮಂದಿರು ಸರಿಯಾಗಿ ತಿಳಿದುಕೊಳ್ಳಬೇಕು. ಎನ್‌ಸಿಸಿ ಸೇರಿದರೆ ಸೈನ್ಯಕ್ಕೆ ಹೋಗಲೇಬೇಕು ಅಂತ ಏನೂ ಇಲ್ಲ. ಯಾವ ಬಾಂಡೂ ಇಲ್ಲ. ಶುಲ್ಕವೂ ಇಲ್ಲ. ಪರೇಡ್ ಮುಗಿದ ಮೇಲೆ ತಿಂಡಿ ಕೂಡ ಕೊಡುತ್ತಾರೆ.

ಹೈಸ್ಕೂಲಿನ ಮಕ್ಕಳಿಗೆ ಜೂನಿಯರ್ ವಿಭಾಗ. ಅಲ್ಲಿ ಎರಡು ವರ್ಷ ಮುಗಿಸಿದರೆ 'ಎ' ಸರ್ಟಿಫಿಕೇಟ್ ಪರೀಕ್ಷೆ. ಪಿಯುಸಿ ಮತ್ತು ಡಿಗ್ರಿಯವರಿಗೆ ಸೀನಿಯರ್ ವಿಭಾಗ. ಅಲ್ಲಿ ಎರಡನೇ ವರ್ಷದ ಕೊನೆಗೆ 'ಬಿ', ಮೂರನೇ ವರ್ಷದ ಕೊನೆಗೆ 'ಸಿ'. ಪಿಯುಸಿ ಎರಡೇ ವರ್ಷ ಅಲ್ವಾ? ಹಾಗಾಗಿ ಪಿಯುಸಿಯಲ್ಲಿ ಸೇರಿದವರು 'ಬಿ' ತನಕ ಹೋಗಿ, ಡಿಗ್ರಿಯಲ್ಲಿ ಏರ್ ವಿಂಗ್ ಇರುವ ಕಾಲೇಜನ್ನೇ ಹುಡುಕಿ ಸೇರಿದರೆ 'ಸಿ' ಮುಗಿಸಬಹುದು. ಇದನ್ನು ಮೊದಲೇ ಯೋಚಿಸದೆ ಅರ್ಧಕ್ಕೆ ನಿಲ್ಲಿಸಿದವರನ್ನು ತುಂಬ ನೋಡಿದ್ದೇನೆ. ಪರೀಕ್ಷೆಗೆ ಕೂರಬೇಕಾದರೆ 75 ಶೇಕಡ ಹಾಜರಿ ಬೇಕು, ಕ್ಯಾಂಪ್ ಮಾಡಿರಬೇಕು. ಇದರಲ್ಲಿ ರಿಯಾಯಿತಿ ಕೇಳುವ ಹಾಗಿಲ್ಲ.

ಕಾಲೇಜಿನಲ್ಲಿ ಇದನ್ನು ನೋಡಿಕೊಳ್ಳುವವರು ಒಬ್ಬ ಅಧ್ಯಾಪಕರು. ಅವರಿಗೂ ತರಬೇತಿ ಆಗಿರುತ್ತದೆ, ಸಮವಸ್ತ್ರ ಇರುತ್ತದೆ. ಎಲ್ಲರೂ ಅವರನ್ನು ಎಎನ್‌ಒ ಎಂದು ಕರೆಯುತ್ತಾರೆ. ಡ್ರಿಲ್ ಕಲಿಸಲು ವಾಯುಪಡೆಯಿಂದ ಬಂದವರು ಪಿಐ ಸ್ಟಾಫ್. ಯೂನಿಟ್ಟಿನ ಮುಖ್ಯಸ್ಥರು ವಾಯುಪಡೆಯ ಅಧಿಕಾರಿ.

ಬಿಸಿಲಿನಲ್ಲಿ ಹೆಜ್ಜೆ ಹಾಕುವುದು ಯಾಕೆ

ಮೊದಲ ತಿಂಗಳು ಪೂರ್ತಿ ಡ್ರಿಲ್. "ಸಾವಧಾನ್", "ವಿಶ್ರಾಮ್", "ದಾಹಿನೇ ಮುಡ್". ಹೆಜ್ಜೆ 30 ಇಂಚು ಇರಬೇಕು. ಕೈ ಮುಷ್ಟಿ ಹೀಗೇ ಇರಬೇಕು, ದೃಷ್ಟಿ ನೇರ ಇರಬೇಕು. ವಿಮಾನದ ಆಸೆಯಿಂದ ಬಂದವರಿಗೆ ಇದು ಯಾಕೆ ಅನ್ನಿಸುವುದು ಸಹಜ.

ಆಜ್ಞೆಯನ್ನು ಗಮನಿಸಿ ಕೇಳಿದರೆ ಉತ್ತರ ಅದರಲ್ಲೇ ಇದೆ. "ತೇಜ್..." ಎಂದು ಎಳೆದು ಹೇಳುತ್ತಾರೆ. ಸ್ವಲ್ಪ ಬಿಟ್ಟು "ಚಲ್!" ಎಂದು ಕಡಿದು ಹೇಳುತ್ತಾರೆ. ಮೊದಲ ಭಾಗ ಏನು ಬರುತ್ತದೆ ಎಂದು ತಿಳಿಸುತ್ತದೆ, ಎರಡನೆಯದು ಯಾವಾಗ ಎಂದು ತಿಳಿಸುತ್ತದೆ. ನಡುವಿನ ಆ ಅರ್ಧ ಸೆಕೆಂಡಿನಲ್ಲಿ ಮನಸ್ಸು ತಯಾರಾಗಬೇಕು, ಆದರೆ ಕಾಲು ಅಲುಗಬಾರದು. ಗೊತ್ತಿದ್ದರೂ ಮುಂದಕ್ಕೆ ಹಾರದೆ ಕಾಯುವುದು. ಸುಮ್ನೆ ಕೇಳಿದರೆ ಸುಲಭ. ಮೂವತ್ತು ಜನ ಒಟ್ಟಿಗೆ ಮಾಡುವಾಗ ಗೊತ್ತಾಗುತ್ತದೆ ಎಷ್ಟು ಕಷ್ಟ ಅಂತ.

ಕಾಕ್‌ಪಿಟ್‌ನಲ್ಲಿ ನಡೆಯುವುದೂ ಇದೇ. ಪೈಲಟ್ ಎಂಜಿನ್ ಶುರು ಮಾಡುವ ಮೊದಲು ಚೆಕ್‌ಲಿಸ್ಟ್ ಓದುತ್ತಾರೆ. ಒಂದೊಂದೇ ಸಾಲು, ಗಟ್ಟಿಯಾಗಿ. ಸಾವಿರ ಸಲ ಮಾಡಿದ್ದರೂ ನೆನಪಿನಿಂದ ಮಾಡುವುದಿಲ್ಲ. ಇಬ್ಬರು ಇದ್ದರೆ ಒಬ್ಬರು ಓದಿ ಇನ್ನೊಬ್ಬರು ಉತ್ತರ ಕೊಡುತ್ತಾರೆ. ಒಂದು ಸಾಲು ಮುಗಿಯದೆ ಮುಂದಿನದಕ್ಕೆ ಕೈ ಹೋಗಬಾರದು. ಡ್ರಿಲ್ ಮೈದಾನದಲ್ಲಿ ಪಳಗಿದ ಹುಡುಗ ಅಥವಾ ಹುಡುಗಿಗೆ ಇದು ಹೊಸದೆನಿಸುವುದಿಲ್ಲ.

ರೇಡಿಯೋ ಮಾತಿನ ಅಭ್ಯಾಸ ಇದರ ಮುಂದಿನ ಮೆಟ್ಟಿಲು. ಕೆಡೆಟ್‌ಗಳು ಆಲ್ಫಾ, ಬ್ರಾವೊ, ಚಾರ್ಲಿ ಎಂದು ಅಕ್ಷರಗಳನ್ನು ಹೇಳಲು ಕಲಿಯುತ್ತಾರೆ. ರೇಡಿಯೋದಲ್ಲಿ 'ಬಿ', 'ಡಿ', 'ಪಿ' ಎಲ್ಲ ಒಂದೇ ಥರ ಕೇಳುತ್ತವೆ, ಅದಕ್ಕೆ ಈ ಉಪಾಯ. ಒಂಬತ್ತನ್ನು 'ನೈನರ್' ಎನ್ನುತ್ತಾರೆ, ಫೈವ್ ಜೊತೆ ಗೊಂದಲ ಆಗದಿರಲಿ ಅಂತ. ಎಲ್ಲಕ್ಕಿಂತ ಮುಖ್ಯ, ವಿಮಾನ ನಿಲ್ದಾಣದ ಕಂಟ್ರೋಲ್ ಟವರ್‌ನಿಂದ ಬಂದ ಸೂಚನೆಯನ್ನು ವಾಪಸ್ ಓದಿ ಹೇಳಬೇಕು. ಕೇಳಿಸಿತು ಎಂದರೆ ಸಾಲದು, ಏನು ಕೇಳಿಸಿತು ಎಂದು ಹೇಳಬೇಕು. ಮನೆಯಲ್ಲಿ ಅಮ್ಮ ಅಂಗಡಿಗೆ ಕಳಿಸುವಾಗ "ಏನೇನು ತರಬೇಕು ಹೇಳು ನೋಡೋಣ" ಅನ್ನುತ್ತಾರಲ್ಲ, ಅದೇ ಇದು.

ಗಾಳಿಪಟ ಗೊತ್ತಿದ್ದರೆ ಅರ್ಧ ಪಾಠ ಗೊತ್ತು

ಏರ್ ವಿಂಗ್‌ನ ವಿಶೇಷ ಪಾಠಗಳು ಇವು: ವಿಮಾನ ಹೇಗೆ ಹಾರುತ್ತದೆ, ಎಂಜಿನ್ ಮತ್ತು ಉಪಕರಣಗಳು, ದಿಕ್ಕು ಹುಡುಕುವುದು, ಹವಾಮಾನ, ವಿಮಾನ ನಿಲ್ದಾಣದ ನಿಯಮಗಳು, ವಾಯುಪಡೆಯ ರಚನೆ. ಪುಸ್ತಕ ನೋಡಿದರೆ ಭಯವಾಗುತ್ತದೆ. ಕಾಮರ್ಸ್ ಓದುವ ಮಕ್ಕಳಂತೂ "ಫಿಸಿಕ್ಸ್ ಬಿಟ್ಟು ಬಂದೆ, ಇಲ್ಲೂ ಬಂತಾ" ಅನ್ನುತ್ತಾರೆ. ನಾನು ಅವರಿಗೆ ಗಾಳಿಪಟದಿಂದ ಶುರು ಮಾಡಿ ಎನ್ನುತ್ತೇನೆ.

ಆಷಾಢದ ಗಾಳಿಯಲ್ಲಿ ಪಟ ಹಾರಿಸಿದವರಿಗೆ ಸೂತ್ರ ಕಟ್ಟುವುದು ಗೊತ್ತು. ಸೂತ್ರ ಸರಿಯಿದ್ದರೆ ಪಟ ಗಾಳಿಗೆ ಸ್ವಲ್ಪ ಓರೆಯಾಗಿ ನಿಲ್ಲುತ್ತದೆ. ಬಡಿದ ಗಾಳಿಯನ್ನು ಪಟ ಕೆಳಕ್ಕೆ ತಳ್ಳುತ್ತದೆ, ಗಾಳಿ ಪಟವನ್ನು ಮೇಲಕ್ಕೆ ತಳ್ಳುತ್ತದೆ. ಓರೆ ಕಮ್ಮಿಯಾದರೆ ಪಟ ಏಳುವುದಿಲ್ಲ. ಜಾಸ್ತಿಯಾದರೆ ತೊಳಲಾಡಿ ಕೆಳಗೆ ಬೀಳುತ್ತದೆ. ಮತ್ತೆ ಬಾಲಂಗೋಚಿ ಇಲ್ಲದಿದ್ದರೆ ಗಿರಕಿ ಹೊಡೆಯುತ್ತದೆ.

ವಿಮಾನದ ರೆಕ್ಕೆಯ ಕಥೆಯೂ ಇದೇ. ಪಟ ನಿಂತಿರುತ್ತದೆ, ಗಾಳಿ ಬರುತ್ತದೆ. ವಿಮಾನದಲ್ಲಿ ಎಂಜಿನ್ ರೆಕ್ಕೆಯನ್ನು ಗಾಳಿಯೊಳಗೆ ನುಗ್ಗಿಸುತ್ತದೆ. ರೆಕ್ಕೆಯ ಮೇಲೆ ಹರಿಯುವ ಗಾಳಿಯ ಒತ್ತಡ ಕಮ್ಮಿ, ಕೆಳಗಿನದು ಜಾಸ್ತಿ. ಒಟ್ಟಿನಲ್ಲಿ ಗಾಳಿ ಕೆಳಕ್ಕೆ ಹೋಗುತ್ತದೆ, ರೆಕ್ಕೆ ಮೇಲಕ್ಕೆ ಹೋಗುತ್ತದೆ. ರೆಕ್ಕೆಯ ಓರೆ ಸುಮಾರು 15 ಡಿಗ್ರಿ ದಾಟಿದರೆ ಮೇಲಿನ ಗಾಳಿ ರೆಕ್ಕೆಯನ್ನು ಬಿಟ್ಟು ಕಿತ್ತುಕೊಂಡು ಸುಳಿಯಾಗುತ್ತದೆ. ಎತ್ತುವ ಬಲ ದಿಢೀರನೆ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಕಾರು ಸ್ಟಾಲ್ ಆದ ಹಾಗೆ ಎಂಜಿನ್ ನಿಲ್ಲುವುದಲ್ಲ ಇದು. ಎಂಜಿನ್ ಪೂರ್ತಿ ಓಡುತ್ತಿದ್ದರೂ ರೆಕ್ಕೆ ಸ್ಟಾಲ್ ಆಗಬಹುದು. ಪಾರಾಗುವ ದಾರಿ ಮನಸ್ಸಿಗೆ ಒಗ್ಗದ್ದು. ಕೆಳಗೆ ಬೀಳುತ್ತಿರುವಾಗ ಮೂತಿಯನ್ನು ಇನ್ನೂ ಕೆಳಗೆ ಮಾಡಬೇಕು. ಆಗ ಓರೆ ಕಮ್ಮಿಯಾಗಿ ಗಾಳಿ ಮತ್ತೆ ರೆಕ್ಕೆಗೆ ಅಂಟುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಮೇಲಿನ ಗಾಳಿಗೆ ದಾರಿ ದೂರ, ಅದು ಕೆಳಗಿನ ಗಾಳಿಯ ಜೊತೆಗೇ ಹಿಂದಿನ ಅಂಚಿಗೆ ಸೇರಬೇಕಾದ್ದರಿಂದ ಓಡುತ್ತದೆ ಎಂದು ಎಷ್ಟೋ ಕಡೆ ಕಲಿಸುತ್ತಾರೆ. ಇದು ತಪ್ಪು. ಎರಡು ಗಾಳಿಯೂ ಒಟ್ಟಿಗೆ ಸೇರಬೇಕೆಂಬ ನಿಯಮ ಇಲ್ಲ. ನಿಜವಾಗಿ ಮೇಲಿನ ಗಾಳಿ ಮೊದಲೇ ತಲುಪುತ್ತದೆ. ಆ ವಿವರಣೆ ನಿಜವಾಗಿದ್ದರೆ ವಿಮಾನ ತಲೆಕೆಳಗಾಗಿ ಹಾರಲು ಆಗುತ್ತಲೇ ಇರಲಿಲ್ಲ. ಏರ್ ಶೋನಲ್ಲಿ ಹಾರುವುದನ್ನು ಯಲಹಂಕದಲ್ಲಿ ಲಕ್ಷಾಂತರ ಜನ ಕಣ್ಣಾರೆ ನೋಡಿದ್ದಾರೆ.

ಇನ್ನೊಂದು ಪಾಠ ಬೆಂಗಳೂರಿನವರಿಗೆ ಹೇಳಿ ಮಾಡಿಸಿದ ಹಾಗಿದೆ. ಅದು ಎತ್ತರ ತೋರಿಸುವ ಆಲ್ಟಿಮೀಟರ್. ಇದು ನಿಜವಾಗಿ ಗಾಳಿಯ ಒತ್ತಡ ಅಳೆಯುವ ಯಂತ್ರ. ಮೇಲೆ ಹೋದಂತೆ ಒತ್ತಡ ಕಮ್ಮಿಯಾಗುತ್ತದೆ, ಹೆಚ್ಚುಕಮ್ಮಿ 30 ಅಡಿಗೆ 1 ಹೆಕ್ಟೊಪ್ಯಾಸ್ಕಲ್‌ನಷ್ಟು. ಯಂತ್ರ ಅದನ್ನೇ ಅಡಿಯಲ್ಲಿ ತೋರಿಸುತ್ತದೆ. ಸಮುದ್ರಮಟ್ಟದ ಒತ್ತಡಕ್ಕೆ ಹೊಂದಿಸಿದರೆ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ನೆಲದ ಮೇಲೆ ನಿಂತ ವಿಮಾನವೂ ಸುಮಾರು 3,000 ಅಡಿ ತೋರಿಸುತ್ತದೆ! ಯಾಕೆಂದರೆ ಬೆಂಗಳೂರೇ ಅಷ್ಟು ಎತ್ತರದಲ್ಲಿದೆ. ಮಂಗಳೂರಿನ ಕಡಲ ದಂಡೆಯಲ್ಲಿ ಅದೇ ಯಂತ್ರ ಸೊನ್ನೆಯ ಹತ್ತಿರ ಇರುತ್ತದೆ. ಹೊಂದಿಸುವಾಗ 10 ಹೆಕ್ಟೊಪ್ಯಾಸ್ಕಲ್ ತಪ್ಪಾದರೆ ಎತ್ತರ 300 ಅಡಿ ತಪ್ಪುತ್ತದೆ. ಮೋಡದೊಳಗೆ ಗುಡ್ಡದ ಹತ್ತಿರ ಹಾರುವಾಗ 300 ಅಡಿ ಎಂದರೆ ಏನು ಅಂತ ಯೋಚಿಸಿ. ಟವರ್ ಹೇಳಿದ ಅಂಕಿಯನ್ನು ವಾಪಸ್ ಓದಿ ಹೇಳಬೇಕು ಎಂದೆನಲ್ಲ, ಅದು ಇದಕ್ಕೇ.

ರನ್‌ವೇ ನಂಬರ್ ಕೂಡ ಒಂದು ಸಣ್ಣ ಗುಟ್ಟು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ರನ್‌ವೇಗಳ ಒಂದು ತುದಿ 09, ಇನ್ನೊಂದು ತುದಿ 27. ಅದು ದಿಕ್ಸೂಚಿಯ ಡಿಗ್ರಿ, ಕೊನೆಯ ಸೊನ್ನೆ ಬಿಟ್ಟು ಬರೆದದ್ದು. 90 ಡಿಗ್ರಿ ಪೂರ್ವ, 270 ಪಶ್ಚಿಮ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಮುಂಗಾರಿನಲ್ಲಿ ನಮಗೆ ಪಡುವಣ ಗಾಳಿ, ಆಗ ವಿಮಾನಗಳು ಪಶ್ಚಿಮಕ್ಕೆ ಮುಖ ಮಾಡಿ ಏರುತ್ತವೆ. ಚಳಿಗಾಲದ ಮೂಡಣ ಗಾಳಿಗೆ ದಿಕ್ಕು ತಿರುಗುತ್ತದೆ. ಈ ಪಾಠ ಆದ ಮೇಲೆ ಆಕಾಶದಲ್ಲಿ ವಿಮಾನ ಕಂಡರೆ ಗಾಳಿ ಯಾವ ಕಡೆಯಿಂದ ಎಂದು ಹೇಳುವುದು ಕೆಡೆಟ್‌ಗಳಿಗೆ ಅಭ್ಯಾಸವಾಗಿಬಿಡುತ್ತದೆ.

ಮೂತಿಗೆ ಮೆತ್ತಿದ ಮಣ್ಣು

ನನಗೆ ಕೇಳಿದರೆ ಏರ್ ವಿಂಗ್‌ನಲ್ಲಿ ಅತಿ ಒಳ್ಳೆಯ ಕಲಿಕೆ ಏರೋಮಾಡೆಲಿಂಗ್, ಅಂದರೆ ಪುಟ್ಟ ಮಾದರಿ ವಿಮಾನಗಳನ್ನು ಮಾಡುವುದು, ಹಾರಿಸುವುದು. ಅದಕ್ಕೆ ಸಿಗಬೇಕಾದ ಸಮಯ ಎಲ್ಲ ಕಡೆ ಸಿಗುತ್ತಿಲ್ಲ ಎಂಬುದು ನನ್ನ ಬೇಸರ.

ಶುರು ಕೈಯಿಂದ ಎಸೆಯುವ ಗ್ಲೈಡರ್‌ನಿಂದ. ಬಾಲ್ಸಾ ಮರದ ತೆಳು ಹಲಗೆ, ಹರಿತವಾದ ಬ್ಲೇಡು, ಉಪ್ಪುಕಾಗದ, ಅಂಟು. ಬಾಲ್ಸಾ ಸಿಗದಿದ್ದರೆ ಥರ್ಮಾಕೋಲ್ ಆದರೂ ನಡೆಯುತ್ತದೆ. ರೆಕ್ಕೆ, ಬಾಲ, ಉದ್ದನೆಯ ಕಡ್ಡಿ. ಮಾಡಿ ಮುಗಿಸಿ ಎಸೆದರೆ ಮೊದಲ ಸಲ ಯಾರದ್ದೂ ಹಾರುವುದಿಲ್ಲ.

ಎದುರು ಮನೆಯ ಹುಡುಗಿ ಹೋದ ತಿಂಗಳು ಒಂದು ಮಾಡಿಕೊಂಡು ನಮ್ಮ ತಾರಸಿಗೆ ಬಂದಳು. ಎಸೆದಳು. ಮೂತಿ ಎತ್ತಿತು, ಒಂದು ಕ್ಷಣ ನಿಂತಿತು, ಮುಗ್ಗರಿಸಿತು, ಮತ್ತೆ ಎತ್ತಿತು, ಬಿತ್ತು. "ನಾನು ಜೋರಾಗಿ ಎಸೆದೆ ಅನ್ಸುತ್ತೆ" ಅಂದಳು. ಅಲ್ಲ. ಹಿಂದೆ ಭಾರ ಜಾಸ್ತಿ. ರೆಕ್ಕೆಯ ಅಗಲವನ್ನು ಮುಂದಿನ ಅಂಚಿನಿಂದ ಅಳೆದರೆ, ಕಾಲು ಭಾಗ ಮತ್ತು ಮೂರನೇ ಒಂದು ಭಾಗದ ನಡುವೆ ಎಲ್ಲೋ ತೂಕದ ನಡುಬಿಂದು ಬರಬೇಕು. ಎರಡು ಬೆರಳಿನ ಮೇಲೆ ಅಲ್ಲಿ ಎತ್ತಿ ಹಿಡಿದರೆ ಮಾದರಿ ಸಮವಾಗಿ ನಿಲ್ಲಬೇಕು. ಮೂತಿಗೆ ಒಂದು ಚೂರು ಜೇಡಿಮಣ್ಣು ಮೆತ್ತಿದಳು. ಈಗ ನೇರ ನೆಲಕ್ಕೆ ಧುಮುಕಿತು. ಮಣ್ಣು ಜಾಸ್ತಿ ಆಗಿತ್ತು. ಉಗುರಿನಲ್ಲಿ ಕಡ್ಲೆಬೇಳೆಯಷ್ಟು ತೆಗೆದಳು. ಐದನೆಯದೋ ಆರನೆಯದೋ ಎಸೆತದಲ್ಲಿ ಅದು ಕೈ ಬಿಟ್ಟದ್ದೇ ತಣ್ಣಗೆ, ಒಂದೇ ಇಳಿಜಾರಿನಲ್ಲಿ, ಪಕ್ಕದ ಮನೆಯ ತೆಂಗಿನ ಮರದ ತನಕ ಹೋಯಿತು.

ಅವಳು ಆ ಸಂಜೆ ಕಲಿತದ್ದು ಸ್ಟಾಲ್, ಸಮತೋಲ, ಸ್ಥಿರತೆ. ಮೂರೂ ಪುಸ್ತಕದಲ್ಲಿ ಇದ್ದವೇ. ಆದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಗೊತ್ತಾಗುವುದಿಲ್ಲ ಎಂಬುದು ಕೈಗೇ ಗೊತ್ತಾಗಬೇಕು.

ಗ್ಲೈಡರ್ ಆದ ಮೇಲೆ ಕಂಟ್ರೋಲ್ ಲೈನ್. ಇದರಲ್ಲಿ ಪುಟ್ಟ ಎಂಜಿನ್ ಇರುವ ಮಾದರಿ ವಿಮಾನ ಎರಡು ತೆಳು ತಂತಿಗಳ ತುದಿಯಲ್ಲಿ ಹಾರಿಸುವವರ ಸುತ್ತ ತಿರುಗುತ್ತದೆ. ಕೈಯಲ್ಲಿರುವ ಹಿಡಿಯನ್ನು ಮೇಲೆ ಕೆಳಗೆ ಓರೆ ಮಾಡಿದರೆ ಬಾಲದ ರೆಕ್ಕೆ ಆಡುತ್ತದೆ, ವಿಮಾನ ಏರುತ್ತದೆ, ಇಳಿಯುತ್ತದೆ, ಸುರುಳಿ ಹೊಡೆಯುತ್ತದೆ. ತಂತಿ ಸಡಿಲವಾದರೆ ಹಿಡಿತ ಹೋಯಿತು. ಹಾರಿಸುವವರೂ ಜೊತೆಗೆ ಗಿರಗಿರ ತಿರುಗಬೇಕು, ಹೊಸಬರಿಗೆ ತಲೆ ಸುತ್ತುತ್ತದೆ. ಆಮೇಲೆ ರಿಮೋಟ್‌ನಿಂದ ಹಾರಿಸುವ ಮಾದರಿಗಳು. ಅದರಲ್ಲಿ ಒಂದು ಒಗಟಿದೆ. ವಿಮಾನ ನಿಮ್ಮಿಂದ ದೂರ ಹೋಗುವಾಗ ಎಡ ಎಂದರೆ ಎಡ. ನಿಮ್ಮ ಕಡೆ ಬರುವಾಗ ಅದರ ಎಡ ನಿಮ್ಮ ಬಲ. ಮನಸ್ಸನ್ನು ವಿಮಾನದೊಳಗೆ ಕೂರಿಸಬೇಕು. ಈಚಿನ ವರ್ಷಗಳಲ್ಲಿ ಡ್ರೋನ್ ತರಬೇತಿಯೂ ಸೇರಿಕೊಂಡಿದೆ.

ಹಾರದ ಮಾದರಿಗಳೂ ಇವೆ. ಒಂದು ನಿಜವಾದ ವಿಮಾನವನ್ನು ಅಳತೆ ತಪ್ಪದೆ ಮರದಲ್ಲಿ ಕೆತ್ತಿ, ಬಣ್ಣ ಹಾಕುವುದು. ತಾಳ್ಮೆಯ ಕೆಲಸ ಅದು.

ಗುರಿ, ಕ್ಯಾಂಪು, ಸ್ಪರ್ಧೆ

ಬಂದೂಕಿನ ಅಭ್ಯಾಸ ಪಾಯಿಂಟ್ 22 ರೈಫಲ್‌ನಿಂದ. ಮೊದಲ ಪಾಠ ನಡುಚುಕ್ಕಿಗೆ ಹೊಡೆಯುವುದಲ್ಲ, ಎಲ್ಲ ಗುಂಡೂ ಒಂದೇ ಜಾಗಕ್ಕೆ ಬೀಳುವಂತೆ ಮಾಡುವುದು. ಇದಕ್ಕೆ ಗ್ರೂಪಿಂಗ್ ಎನ್ನುತ್ತಾರೆ. ಐದೂ ಗುಂಡು ಮೂಲೆಯಲ್ಲಿ ಒಟ್ಟಿಗೆ ಬಿದ್ದರೆ ತಿದ್ದುವುದು ಸುಲಭ. ಚೆಲ್ಲಾಪಿಲ್ಲಿ ಬಿದ್ದರೆ ಉಸಿರು, ಭುಜ, ಬೆರಳು ಎಲ್ಲೋ ಅಲುಗುತ್ತಿದೆ ಎಂದರ್ಥ. ಏರ್ ವಿಂಗ್‌ಗೆ ಸ್ಕೀಟ್ ಶೂಟಿಂಗ್ ಕೂಡ ಇದೆ. ಎರಡು ಗೋಪುರಗಳಿಂದ ಚಿಮ್ಮುವ ಮಣ್ಣಿನ ಬಿಲ್ಲೆಗಳನ್ನು ಗಾಳಿಯಲ್ಲೇ ಒಡೆಯಬೇಕು. ಬಿಲ್ಲೆ ಇರುವ ಜಾಗಕ್ಕೆ ಹೊಡೆದರೆ ತಪ್ಪುತ್ತದೆ. ಅದು ಹೋಗಲಿರುವ ಜಾಗಕ್ಕೆ ಹೊಡೆಯಬೇಕು.

ವರ್ಷಕ್ಕೊಮ್ಮೆ ಬರುವ ಕ್ಯಾಂಪು 10 ದಿನದ್ದು. ಬೆಳಗಿನ ಜಾವ ಪಿಟಿ, ತಿಂಡಿಗೆ ಸಾಲು, ಡ್ರಿಲ್, ಫೈರಿಂಗ್, ನಕ್ಷೆ ಓದುವುದು, ಸಂಜೆ ಆಟ, ರಾತ್ರಿ ಹಾಡು ಕುಣಿತ, ಹೇಳಿದ ಹೊತ್ತಿಗೆ ದೀಪ ಆರಬೇಕು. ತಟ್ಟೆ ತಾವೇ ತೊಳೆಯಬೇಕು. ಹಾಸಿಗೆ ಮಡಚಿ, ಶೂ ಸಾಲಾಗಿ ಇಡಬೇಕು. ರಾಯಚೂರಿನ ಹುಡುಗನೂ ಮಡಿಕೇರಿಯ ಹುಡುಗನೂ ಅಕ್ಕಪಕ್ಕ ಮಲಗಿರುತ್ತಾರೆ. ಮೊದಲ ಎರಡು ರಾತ್ರಿ ಮನೆ ನೆನಪಾಗಿ ಅತ್ತವರೇ ಕೊನೆಯ ದಿನ ಬಸ್ಸು ಹತ್ತಲು ಒಪ್ಪುವುದಿಲ್ಲ.

ಅದರ ಮೇಲಿನದು ಅಖಿಲ ಭಾರತ ವಾಯು ಸೈನಿಕ ಶಿಬಿರ. ಇದು ಏರ್ ವಿಂಗ್‌ಗೆ ಮಾತ್ರ ಮೀಸಲು. ಎನ್‌ಸಿಸಿಯ 17 ಡೈರೆಕ್ಟೊರೇಟ್‌ಗಳ, ಅಂದರೆ ಪ್ರಾದೇಶಿಕ ವಿಭಾಗಗಳ ತಂಡಗಳು ಬರುತ್ತವೆ. ಮೈಕ್ರೋಲೈಟ್ (ತುಂಬ ಹಗುರವಾದ ಪುಟ್ಟ ವಿಮಾನ) ಹಾರಾಟ, ಏರೋಮಾಡೆಲಿಂಗ್, ಸ್ಕೀಟ್, ಫೈರಿಂಗ್, ಡ್ರಿಲ್ ಎಲ್ಲದರಲ್ಲೂ ಸ್ಪರ್ಧೆ. ಬೆಂಗಳೂರಿನಲ್ಲೂ ಜೋಧಪುರದಲ್ಲೂ ಇದು ನಡೆದಿದೆ. ನಮ್ಮದು ಕರ್ನಾಟಕ ಮತ್ತು ಗೋವಾ ಎರಡೂ ಸೇರಿದ ಡೈರೆಕ್ಟೊರೇಟ್.

ಜನವರಿಯ ದೆಹಲಿ ಗಣರಾಜ್ಯೋತ್ಸವ ಶಿಬಿರದ ಬಗ್ಗೆ ಎಲ್ಲರಿಗೂ ಗೊತ್ತು. ಅಲ್ಲಿಗೆ ಆಯ್ಕೆಯಾಗುವುದು ಸುಲಭವಲ್ಲ, ತಿಂಗಳುಗಟ್ಟಲೆ ಒಂದರ ಮೇಲೊಂದು ಆಯ್ಕೆ ಶಿಬಿರ. ದೆಹಲಿ ದಂಡುಪ್ರದೇಶದ ಆ ಮೈದಾನಕ್ಕೆ ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಹೆಸರಿದೆ. ಕನ್ನಡದ ಮಕ್ಕಳು ಅಲ್ಲಿ ಹೆಜ್ಜೆ ಹಾಕುವಾಗ ಇದು ನೆನಪಿರಲಿ ಎಂದು ನನಗೆ ಆಸೆ.

ವಾಯುಪಡೆಯ ನೆಲೆಗಳಲ್ಲಿ, ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಯಲ್ಲಿ ಕೆಲವು ದಿನ ಇದ್ದು ಬರುವ ಅವಕಾಶವೂ ಉಂಟು. ಚಾರಣ, ಪ್ಯಾರಾಸೇಲಿಂಗ್ ಇವೆ. ಬೇರೆ ದೇಶಗಳ ಕೆಡೆಟ್‌ಗಳ ಜೊತೆ ವಿನಿಮಯ ಕಾರ್ಯಕ್ರಮವೂ ಇದೆ, ಅದು ಕೆಲವೇ ಕೆಲವರಿಗೆ.

ಅಮ್ಮನ ಪ್ರಶ್ನೆಗೆ ಉತ್ತರ

ಓದಿಗೆ ತೊಂದರೆ ಆಗುತ್ತದಾ? ವಾರಕ್ಕೆ ಕೆಲವು ಗಂಟೆ ಹೋಗುತ್ತದೆ, ಕ್ಯಾಂಪಿಗೆ 10 ದಿನ ಹೋಗುತ್ತದೆ. ಎರಡನೇ ಪಿಯುಸಿಯಲ್ಲಿ ಇದು ದೊಡ್ಡ ವಿಷಯವೇ, ಇಲ್ಲ ಎನ್ನುವುದಿಲ್ಲ. ಮೊದಲ ವರ್ಷವೇ ಕ್ಯಾಂಪ್ ಮುಗಿಸಿಕೊಂಡರೆ ಹೊರೆ ಕಮ್ಮಿಯಾಗುತ್ತದೆ. ಡಿಗ್ರಿಯಲ್ಲಿ ಈಗ ಎಷ್ಟೋ ವಿಶ್ವವಿದ್ಯಾಲಯಗಳು ಎನ್‌ಸಿಸಿಯನ್ನು ಕ್ರೆಡಿಟ್ ಇರುವ ಐಚ್ಛಿಕ ವಿಷಯವಾಗಿ ಒಪ್ಪಿವೆ. ನಮ್ಮ ಸಿಇಟಿಯಲ್ಲೂ ಎನ್‌ಸಿಸಿಗೆ ವಿಶೇಷ ವರ್ಗದ ಸೀಟುಗಳಿವೆ. ಬರೀ ಹೆಸರು ನೋಂದಾಯಿಸಿದರೆ ಅದು ಸಿಗುವುದಿಲ್ಲ. ಯಾವ ಮಟ್ಟದ ಸರ್ಟಿಫಿಕೇಟ್, ಯಾವ ಮಟ್ಟದ ಶಿಬಿರ ಎಂಬುದನ್ನು ನೋಡಿ ಕೊಡುತ್ತಾರೆ.

ವಾಯುಪಡೆಯ ಕನಸು ಇದ್ದವರಿಗೆ ಏರ್ ವಿಂಗ್‌ನ 'ಸಿ' ಸರ್ಟಿಫಿಕೇಟ್ ಒಂದು ನಿಜವಾದ ಬಾಗಿಲು. ಎನ್‌ಸಿಸಿ ವಿಶೇಷ ಪ್ರವೇಶದಲ್ಲಿ ಫ್ಲೈಯಿಂಗ್ ಶಾಖೆಗೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಸಂದರ್ಶನಕ್ಕೆ ಕರೆಯುತ್ತಾರೆ. ಆ ಸಂದರ್ಶನ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಆದರೆ ಇದನ್ನು ಪೂರ್ತಿ ತಿಳಿದುಕೊಂಡು ಹೋಗಬೇಕು. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು. ಡಿಗ್ರಿಯಲ್ಲಿ 60 ಶೇಕಡ ಬೇಕು. ಎತ್ತರಕ್ಕೂ ಕಾಲಿನ ಉದ್ದಕ್ಕೂ ಅಳತೆ ಇದೆ, ಕಣ್ಣಿನ ಪರೀಕ್ಷೆ ಕಟ್ಟುನಿಟ್ಟು. ಪೈಲಟ್ ಆಗಬಲ್ಲರೇ ಎಂದು ನೋಡುವ ಕಂಪ್ಯೂಟರ್ ಪರೀಕ್ಷೆಗೆ ಜೀವನದಲ್ಲಿ ಒಂದೇ ಅವಕಾಶ. ಎಷ್ಟೋ ಮಕ್ಕಳು ಮೂರು ವರ್ಷ ಕನಸು ಕಂಡು ಕೊನೆಗೆ ಕಣ್ಣಿನ ಕಾರಣಕ್ಕೆ ಹಿಂದೆ ಬರುತ್ತಾರೆ. ಮೊದಲ ವರ್ಷವೇ ಒಬ್ಬ ಒಳ್ಳೆ ಕಣ್ಣಿನ ಡಾಕ್ಟರಿಗೆ ತೋರಿಸಿಬಿಡಿ ಎಂದು ನಾನು ಎಲ್ಲ ಅಪ್ಪ ಅಮ್ಮಂದಿರಿಗೂ ಹೇಳುತ್ತೇನೆ.

ಹುಡುಗಿಯರಿಗೆ ಅವಕಾಶ ಇದೆಯಾ ಎಂದು ಆ ಅಮ್ಮ ಮೆಲ್ಲಗೆ ಕೇಳಿದರು. 2016ರಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದರು. ಅವರು ಹಾಕ್ ಜೆಟ್ ಹಾರಿಸಿ ಪಳಗಿದ್ದು ಬೀದರ್‌ನ ವಾಯುನೆಲೆಯಲ್ಲಿ.

ಕೊನೆಗೂ ವಿಮಾನ

ಬೆಂಗಳೂರಿನ ಬಳ್ಳಾರಿ ರಸ್ತೆಯ ಪಕ್ಕ, ಜಕ್ಕೂರು. ಸರ್ಕಾರಿ ವಿಮಾನ ಹಾರಾಟ ಶಾಲೆ ಇರುವ ಹಳೆಯ ಮೈದಾನ. ಬೆಳಗ್ಗೆ ಬೇಗ ಹೋಗಬೇಕು. ಬಿಸಿಲೇರಿದರೆ ನೆಲ ಕಾದು ಗಾಳಿ ಕುಲುಕುತ್ತದೆ, ಏಪ್ರಿಲ್ ಮೇ ಸಂಜೆಗಳಲ್ಲಿ ಗುಡುಗು ಮೋಡ. ಡಿಸೆಂಬರ್‌ನಲ್ಲಿ ಮಂಜು ಕರಗುವ ತನಕ ಕಾಯಬೇಕು. ಮನೆಯವರ ಒಪ್ಪಿಗೆ ಪತ್ರ ಮೊದಲೇ ಕೊಟ್ಟಿರಬೇಕು.

ಎನ್‌ಸಿಸಿಯ ಮೈಕ್ರೋಲೈಟ್ ಈಗ ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯ ವೈರಸ್ ಎಸ್‌ಡಬ್ಲ್ಯು 80. ಅದಕ್ಕೂ ಮೊದಲು ಝೆನ್ ಏರ್ ಎಂಬ ಲೋಹದ ಪುಟ್ಟ ವಿಮಾನ ಇತ್ತು. ವೈರಸ್‌ನಲ್ಲಿ ಇಬ್ಬರು ಅಕ್ಕಪಕ್ಕ ಕೂರುತ್ತಾರೆ. ಎಂಜಿನ್ ಶಕ್ತಿ 80 ಅಶ್ವಶಕ್ತಿ, ಒಂದು ಸಣ್ಣ ಕಾರಿನಷ್ಟು. ಜನ, ಇಂಧನ ಎಲ್ಲ ಸೇರಿದರೂ ತೂಕ ಅರ್ಧ ಟನ್ ದಾಟುವುದಿಲ್ಲ. ಅಷ್ಟು ಹಗುರ ಇರುವುದರಿಂದಲೇ ಗಾಳಿಯ ಒಂದೊಂದು ಅಲೆಯೂ ಮೈಗೆ ತಾಗುತ್ತದೆ. ದೊಡ್ಡ ವಿಮಾನದಲ್ಲಿ ಪ್ರಯಾಣ ಮಾಡಿದವರಿಗೆ ಇದು ಗೊತ್ತಾಗುವುದಿಲ್ಲ.

ಹಾರಿಸುವವರು ವಾಯುಪಡೆಯ ಪೈಲಟ್. ಹತ್ತುವ ಮೊದಲು ಸುತ್ತ ನಡೆದು ಪರೀಕ್ಷೆ ಮಾಡುತ್ತಾರೆ. ಚಕ್ರ, ರೆಕ್ಕೆಯ ಅಂಚು, ಬಾಲದ ಬೋಲ್ಟು, ಇಂಧನದಲ್ಲಿ ನೀರು ಸೇರಿದೆಯಾ. ಕೆಡೆಟ್ ಹಿಂದೆಯೇ ನಡೆಯುತ್ತಾ ನೋಡಬೇಕು. ಎಂಜಿನ್ ಶುರುವಾದ ಮೇಲೆ ಎರಡು ಇಗ್ನಿಷನ್‌ಗಳನ್ನೂ ಒಂದೊಂದಾಗಿ ಆರಿಸಿ ನೋಡುತ್ತಾರೆ. ಒಂದು ಕೈಕೊಟ್ಟರೂ ಇನ್ನೊಂದರಲ್ಲಿ ಎಂಜಿನ್ ಓಡಬೇಕು.

ಏರುವುದು ತುಂಬ ಬೇಗ ಆಗಿಹೋಗುತ್ತದೆ. ಮನೆಗಳು ಬೆಂಕಿಪೆಟ್ಟಿಗೆ ಆಗುತ್ತವೆ, ಜಕ್ಕೂರು ಕೆರೆ ಕನ್ನಡಿ ಥರ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಪೈಲಟ್ "ಯೂ ಹ್ಯಾವ್ ಕಂಟ್ರೋಲ್" ಎನ್ನುತ್ತಾರೆ. ಕೆಡೆಟ್ "ಐ ಹ್ಯಾವ್ ಕಂಟ್ರೋಲ್" ಎಂದು ಹೇಳಿದ ಮೇಲೆಯೇ ಅವರು ಕೈ ಬಿಡುವುದು. ವಿಮಾನ ಯಾರ ಕೈಯಲ್ಲಿದೆ ಎಂಬ ಬಗ್ಗೆ ಒಂದು ಸೆಕೆಂಡೂ ಅನುಮಾನ ಇರಬಾರದು. ವಾಪಸ್ ಓದಿ ಹೇಳುವ ಅಭ್ಯಾಸ ಇಲ್ಲಿ ನಿಮ್ಮ ಜೀವದ ಪ್ರಶ್ನೆ.

ಆಗ ಎಲ್ಲರೂ ಮಾಡುವ ತಪ್ಪು ಒಂದೇ. ಸ್ಟಿಕ್ ಗಟ್ಟಿಯಾಗಿ ಹಿಡಿಯುತ್ತಾರೆ. ಎರಡು ಬೆರಳು ಸಾಕು. ವಿಮಾನ ತಾನೇ ಸಮವಾಗಿ ಹಾರಲು ನೋಡುತ್ತದೆ, ಬಾಲಂಗೋಚಿ ಕಟ್ಟಿದ ಪಟದ ಹಾಗೆ. ನಾನೂ ಗಟ್ಟಿ ಹಿಡಿದೆ. ಮೂತಿ ಏಳುವುದು, ನಾನು ತಗ್ಗಿಸುವುದು, ಜಾಸ್ತಿ ತಗ್ಗುವುದು, ಮತ್ತೆ ಎಳೆಯುವುದು. ತಾರಸಿಯಿಂದ ಎಸೆದ ಆ ಗ್ಲೈಡರ್ ಮುಗ್ಗರಿಸಿದ್ದು ನೋಡಿದಾಗ ನನಗೆ ನೆನಪಾದದ್ದು ಅದೇ ಹಾರಾಟ. "ಸುಮ್ನೆ ಬಿಡು, ಅದಕ್ಕೆ ಹಾರೋಕೆ ಗೊತ್ತು" ಎಂದು ಪೈಲಟ್ ಹಿಂದಿಯಲ್ಲಿ ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಒಂದು ಮಾತು ಮುಚ್ಚಿಡಬಾರದು. ಎಲ್ಲರಿಗೂ ಈ ಅವಕಾಶ ಒಂದೇ ಥರ ಸಿಗುವುದಿಲ್ಲ. ವಿಮಾನ ರಿಪೇರಿಯಲ್ಲಿರಬಹುದು, ಹವೆ ಕೆಡಬಹುದು, ಆಕಾಶದಲ್ಲಿ ಬೇರೆ ವಿಮಾನಗಳ ಓಡಾಟ ಜಾಸ್ತಿ ಇರಬಹುದು. ಹಾರಾಟದ ಮೈದಾನದಿಂದ ದೂರ ಇರುವ ಊರಿನ ಮಕ್ಕಳು ಒಂದು ಸಲವೂ ಹತ್ತದೆ ಮೂರು ವರ್ಷ ಮುಗಿಸಬೇಕಾಗಬಹುದು. ಅವರಿಗೆ ಸಿಮ್ಯುಲೇಟರ್ ಆದರೂ, ಒಳ್ಳೆಯ ಏರೋಮಾಡೆಲಿಂಗ್ ಆದರೂ ತಪ್ಪದೆ ಸಿಗಬೇಕು ಎಂಬುದು ನನ್ನ ಬೇಡಿಕೆ. ಸೇರುವಾಗಲೇ ನಿಮ್ಮ ಯೂನಿಟ್‌ನಲ್ಲಿ ಹಾರಾಟ ಎಲ್ಲಿ, ವರ್ಷಕ್ಕೆ ಎಷ್ಟು ಮಕ್ಕಳಿಗೆ ಎಂದು ಎಎನ್‌ಒ ಅವರನ್ನು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಹಾರಾಟ ಮುಗಿದ ಮೇಲೂ ಕೆಲಸ ಇದೆ. ರೆಕ್ಕೆಯ ಮುಂದಿನ ಅಂಚಿಗೆ ಬಡಿದು ಅಂಟಿದ ಹುಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಅಷ್ಟು ಸಣ್ಣ ಒರಟುತನವೂ ಗಾಳಿಯ ಹರಿವನ್ನು ಕೆಡಿಸುತ್ತದೆ. ಆಮೇಲೆ ಮೂರು ನಾಲ್ಕು ಕೆಡೆಟ್‌ಗಳು ಸೇರಿ ವಿಮಾನವನ್ನು ಕೈಯಿಂದಲೇ ಹ್ಯಾಂಗರ್‌ಗೆ ತಳ್ಳುತ್ತಾರೆ. ಎಲ್ಲಿ ಕೈ ಇಡಬೇಕು, ಎಲ್ಲಿ ಇಡಬಾರದು ಎಂದು ಮೊದಲೇ ಹೇಳಿಕೊಟ್ಟಿರುತ್ತಾರೆ. ಎಂಜಿನ್ ಆರಿದ್ದರೂ ಪ್ರೊಪೆಲ್ಲರ್ ಮುಂದೆ ಯಾರೂ ಹಾಯುವುದಿಲ್ಲ. ಒಬ್ಬರು ರೆಕ್ಕೆಯ ತುದಿ ನೋಡುತ್ತಾ ನಡೆಯುತ್ತಾರೆ, ಬಾಗಿಲಿಗೆ ತಾಗುತ್ತದೆ ಅನ್ನಿಸಿದರೆ "ಥಮ್" ಎಂದು ಕೂಗುತ್ತಾರೆ. ಎಲ್ಲರ ಕಾಲೂ ಒಟ್ಟಿಗೆ ನಿಲ್ಲುತ್ತದೆ.